ಬ್ಯಾಟರಿ ವಿಶ್ರಾಂತಿಯಲ್ಲಿದೆ

ಆ ಕಾಲೇಜಿನ ಹೆಸರು ಬೇಡ. ಮಂಗಳೂರಿನಿಂದ ಉಡುಪಿಗೆ ಹೋಗುವಾಗ ಎಡಕ್ಕೋ ಬಲಕ್ಕೋ ಅಂತಲೂ ಹೇಳುವುದಿಲ್ಲ. ಅಲ್ಲಿಯ ಮಕ್ಕಳು ಒಂದು ಪುಟ್ಟ ಉಪಗ್ರಹ ಮಾಡಿದ್ದಾರೆ, ಅದು ಮೇಲೆ ಹೋಗಿಯೂ ಆಗಿದೆ. ಈಗ ಅದರ ಯೋಗಕ್ಷೇಮ ನೋಡಿಕೊಳ್ಳಲು ಮೊಬೈಲ್ ಆ್ಯಪ್ ಬೇಕಂತೆ. ಆ್ಯಪ್ ಹೇಗಿರಬೇಕೆಂದು ತೀರ್ಮಾನಿಸಲು ಹನ್ನೊಂದು ಜನರ ಸಮಿತಿ. ಕನ್ನಡ ಮೇಷ್ಟ್ರು ಎಂಬ ಒಂದೇ ಅರ್ಹತೆಯ ಮೇಲೆ ನಾನೂ ಅದರಲ್ಲಿದ್ದೆ. ಪರದೆಯ ಮೇಲೆ ಬರುವ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಡುವುದು ನನ್ನ ಕೆಲಸ.

ಉಪಗ್ರಹವೆಂದರೆ ಕ್ಯೂಬ್‌ಸ್ಯಾಟ್. ಉದ್ದ, ಅಗಲ, ಎತ್ತರ ಎಲ್ಲವೂ ಹತ್ತು ಸೆಂಟಿಮೀಟರ್. ಸರಂಜಾಮು ತುಂಬದೆ ಖಾಲಿ ಬಿಟ್ಟರೆ ಸರಿಯಾಗಿ ಒಂದು ಲೀಟರ್ ತೆಂಗಿನೆಣ್ಣೆ ಹಿಡಿದೀತು. 1999ರಲ್ಲಿ ಅಮೆರಿಕದ ಇಬ್ಬರು ಪ್ರಾಧ್ಯಾಪಕರು ವಿದ್ಯಾರ್ಥಿಗಳ ಕಲಿಕೆಗೆಂದು ಹಾಕಿಕೊಟ್ಟ ಅಳತೆ ಅದು. ಇಂಥವು ದೊಡ್ಡ ಉಪಗ್ರಹದ ಸಂದಿಯಲ್ಲಿ ಕೂತು ಮೇಲೆ ಹೋಗುತ್ತವೆ. 2017ರ ಫೆಬ್ರವರಿ 15ರಂದು ನಮ್ಮ ಪಿಎಸ್‌ಎಲ್‌ವಿ ರಾಕೆಟ್ ಒಂದೇ ಸಲಕ್ಕೆ 104 ಉಪಗ್ರಹಗಳನ್ನು ಹೊತ್ತೊಯ್ದಿತು. ಶಾಲೆ ಬಿಡುವ ಹೊತ್ತಿನ ನಮ್ಮೂರ ಆಟೋದವರಿಗೆ ಮಾತ್ರ ಅದು ಅಂಥ ದೊಡ್ಡ ಸಂಗತಿ ಅನ್ನಿಸಿರಲಿಕ್ಕಿಲ್ಲ.

ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಅದು ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುತ್ತದೆ. ಮಂಗಳೂರಿನಿಂದ ಉಡುಪಿಗೆ ಎಂಟು ಸೆಕೆಂಡು, ನಡುವೆ ಟೋಲ್ ಗೇಟೂ ಇಲ್ಲ. ನಮ್ಮ ಎಕ್ಸ್‌ಪ್ರೆಸ್ ಬಸ್ಸಾದರೂ ಮೂಲ್ಕಿಯಲ್ಲಿ ಕೈ ಹಿಡಿದರೆ ನಿಂತೀತು, ಇದು ನಿಲ್ಲುವ ಜಾತಿಯಲ್ಲ. ದಿನಕ್ಕೆ ಹದಿನೈದು ಸುತ್ತು ಹಾಕಿದರೂ ನಮ್ಮ ಆಂಟೆನಾಕ್ಕೆ ಸಿಗುವುದು ನಾಲ್ಕಾರು ಸಲ. ಪ್ರತಿ ಸಲ ಹೆಚ್ಚೆಂದರೆ ಹತ್ತು ನಿಮಿಷ. ಹೀಗೆ ಒಮ್ಮೆ ತಲೆಯ ಮೇಲೆ ಹಾದುಹೋಗುವುದಕ್ಕೆ 'ಪಾಸ್' ಎನ್ನುತ್ತಾರೆ. ಕೇಳುವುದಿದ್ದರೂ ಹೇಳುವುದಿದ್ದರೂ ಅಷ್ಟರೊಳಗೆ.

ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಗ್ರೌಂಡ್ ಸ್ಟೇಷನ್, ಅಂದರೆ ಉಪಗ್ರಹದೊಡನೆ ಮಾತಾಡುವ ಕೇಂದ್ರ, ನೋಡಿಕೊಳ್ಳುವ ಹುಡುಗಿ. ಹನ್ನೊಂದು ಜನರಲ್ಲಿ ಆ್ಯಪನ್ನು ನಿಜವಾಗಿ ಬಳಸಬೇಕಾದವಳು ಅವಳೊಬ್ಬಳೇ ಆದ್ದರಿಂದ ಕೊನೆಯ ಕುರ್ಚಿ ಅವಳದು. ಅವಳು ಕೇಳಿದ್ದು ಮೂರು ಅಂಕಿ: ಬ್ಯಾಟರಿಯ ವೋಲ್ಟೇಜ್, ಒಳಗಿನ ಉಷ್ಣತೆ, ಮುಂದಿನ ಪಾಸ್ ಎಷ್ಟು ಗಂಟೆಗೆ. ಪ್ರತಿ ಸುತ್ತಿನಲ್ಲೂ ಅರ್ಧ ಗಂಟೆಗೆ ಮಿಕ್ಕಿ ಉಪಗ್ರಹ ಭೂಮಿಯ ನೆರಳಿನಲ್ಲಿರುತ್ತದೆ, ಆಗ ಬಿಸಿಲಿಲ್ಲ, ಬ್ಯಾಟರಿಯೇ ಗತಿ. ವೋಲ್ಟೇಜ್ ಇಳಿದರೆ ಪರದೆ ಕೆಂಪಾಗಬೇಕು ಎಂದಳು.

"ಕೆಂಪು ಬೇಡ ಮಾರಾಯ್ತಿ" ಎಂದರು ಸಂಚಾಲಕರು. "ನೋಡಿದವರು ಹೆದರ್ತಾರೆ. ಅಡ್ಮಿಷನ್ ಸಮಯ ಬೇರೆ. ಹಸಿರು ಇರ್ಲಿ."

"ಇಳಿದಾಗಲೂ ಹಸಿರಾ ಸರ್?"

"ಸ್ವಲ್ಪ ತಿಳಿಹಸಿರು ಮಾಡುವ."

ಗೋಳಿಬಜೆ ಬಂತು. ಅವಳು ಇನ್ನೊಂದು ವಿಷಯ ಎತ್ತಿದಳು. ಉಪಗ್ರಹದ ದನಿ ಕೇಳುವುದು ತಾರಸಿಯ ಆಂಟೆನಾಕ್ಕೆ, ಮೊಬೈಲಿಗಲ್ಲ. ರೇಡಿಯೋ, ಕಂಪ್ಯೂಟರ್, ಸರ್ವರ್ ಎಲ್ಲ ದಾಟಿ ಅಂಕಿ ಮೊಬೈಲಿಗೆ ಬರಬೇಕು. ಉಪಗ್ರಹ ಮರೆಯಾದ ಮೇಲೆ ಪರದೆಯಲ್ಲಿ ಉಳಿಯುವುದು ಹಳೆಯ ಅಂಕಿ. ಹಾಗಾಗಿ ಪ್ರತಿ ಅಂಕಿಯ ಕೆಳಗೆ ಅದು ಎಷ್ಟು ನಿಮಿಷ ಹಳೆಯದು ಎಂದು ಬರಲೇಬೇಕು. ಸಭೆಗೆ ಇದು ಹಿಡಿಸಲಿಲ್ಲ. ಹಳೆಯದನ್ನು ತೋರಿಸುವುದಕ್ಕೆ ಹೊಸ ಆ್ಯಪ್ ಎಂತಕ್ಕೆ? ಮೂಲೆಯಲ್ಲಿ 'ಲೈವ್' ಎಂದು ಮಿನುಗುತ್ತಿರಲಿ ಎಂಬುದು ಸರ್ವಾನುಮತದ ನಿರ್ಣಯ, ಒಂದು ಮತ ಬಿಟ್ಟು. ಸದಸ್ಯರೊಬ್ಬರು ತಾರಸಿಗೆ ಹೋಗಿ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದು, "ಇಲ್ಲಿ ರೇಂಜ್ ಚೆಂದ ಉಂಟು" ಎಂದು ವರದಿಯನ್ನೂ ತಂದರು.

ಎರಡು ತಾಸು ಹಿಡಿದದ್ದು ಆ್ಯಪ್ ತೆರೆದಾಗ ಮೊದಲು ಬರುವ ಚಿತ್ರ. ಯಾರ ಭಾವಚಿತ್ರ ಎಷ್ಟು ದೊಡ್ಡದು? ನಮ್ಮ ಅದಮಾರಿನಲ್ಲಿ ಹುಟ್ಟಿದ ವಿಜ್ಞಾನಿ ಯು.ಆರ್. ರಾಯರದ್ದು ಇರಲೇಬೇಕೆಂದು ಯಾರೋ ಹೇಳಿದರು. ಆಗಲಿ, ಸಂಚಾಲಕರ ಚಿತ್ರದ ಕೆಳಗೆ. ರಾಯರ ಮುಂದಾಳತ್ವದಲ್ಲಿ 1975ರ ಏಪ್ರಿಲ್ 19ರಂದು ದೇಶದ ಮೊದಲ ಉಪಗ್ರಹ ಆರ್ಯಭಟ ಮೇಲೇರಿದಾಗ ಅದರ ಮಾಹಿತಿ ಹಿಡಿಯಲು ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಕೇಂದ್ರ ಮಾಡಿಕೊಂಡಿದ್ದರು. ಇದನ್ನು ನಾನು ಸಭೆಗೆ ನೆನಪಿಸಿದೆ. ಒಂದು ಕ್ಷಣ ಮೌನ. "ಅದನ್ನೆಲ್ಲ ಆ್ಯಪಿನಲ್ಲಿ ಹಾಕುವುದು ಬೇಡ" ಎಂದಾಯಿತು.

ನನ್ನ ಕನ್ನಡಕ್ಕೂ ತಿದ್ದುಪಡಿ ಬಂತು. 'ಸಂಪರ್ಕ ಕಡಿದಿದೆ' ಎಂದು ಬರೆದದ್ದು 'ಉಪಗ್ರಹ ಪ್ರವಾಸದಲ್ಲಿದೆ' ಎಂದಾಯಿತು. 'ಬ್ಯಾಟರಿ ಇಳಿದಿದೆ' ಎಂಬುದು ನಕಾರಾತ್ಮಕವಂತೆ; 'ಬ್ಯಾಟರಿ ವಿಶ್ರಾಂತಿಯಲ್ಲಿದೆ' ಎಂದು ಮಾಡಿದರು. ನಾನು ಸುಮ್ಮನಿದ್ದೆ. ಗೋಳಿಬಜೆ ತಿಂದ ಋಣ.

ಇನ್ನು ಭದ್ರತೆ. ಉಪಗ್ರಹಕ್ಕೆ ಯಾವ ಆಜ್ಞೆ ಕಳುಹಿಸುವುದಿದ್ದರೂ ವಿಭಾಗ ಮುಖ್ಯಸ್ಥರು, ಪ್ರಾಂಶುಪಾಲರು, ಸಂಚಾಲಕರು ಮೂವರೂ ಒಟಿಪಿ ಹಾಕಿ ಒಪ್ಪಬೇಕು. ಕ್ಯಾಂಟೀನಿಗೆ ಹಾಲು ತರಿಸುವುದಕ್ಕೂ ಇದೇ ಪದ್ಧತಿ, ಹಾಗಾಗಿ ಚರ್ಚೆ ಆಗಲಿಲ್ಲ.

ಉದ್ಘಾಟನೆಯ ದಿನ ಪಾಸ್ ಇದ್ದದ್ದು 11:12ಕ್ಕೆ. ಆಗ ಸ್ವಾಗತ ಭಾಷಣ ನಡೆಯುತ್ತಿತ್ತು, ಪ್ರಾರ್ಥನೆ ಹಾಡಿದ ಮಕ್ಕಳಿಗೆ ಹೂ ಕೊಡುವುದು ಬಾಕಿ ಇತ್ತು. ನಾನು ಮೆಲ್ಲಗೆ ಜಾರಿ ತಾರಸಿಯ ಕೋಣೆಗೆ ಹೋದೆ. ಹುಡುಗಿ ಹೆಡ್‌ಫೋನ್ ಹಾಕಿ ಕೂತಿದ್ದಳು. ಎದುರಿಂದ ಬರುವ ಬಸ್ಸಿನ ಹಾರ್ನು ಕೀರಲಾಗಿ, ದಾಟಿದ ಮೇಲೆ ದಪ್ಪವಾಗುತ್ತದಲ್ಲ, ಉಪಗ್ರಹದ ದನಿಯೂ ಹಾಗೆಯೇ ಜಾರುತ್ತದೆ. ಅದು ಜಾರಿದ ಹಾಗೆ ಅವಳು ರೇಡಿಯೋದ ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದಳು. ಇನ್ನೊಂದು ಕೈಯಲ್ಲಿ ಪೆನ್ನು, ಮುಂದೆ ನೂರು ಪುಟದ ನೋಟ್‌ಬುಕ್. ಬ್ಯಾಟರಿಯ ವೋಲ್ಟೇಜ್ 7.1 ಎಂದು ಬರೆದಳು. ಅದನ್ನು ಹೊಡೆದು ಹಾಕಿ 6.6 ಎಂದಳು. ಎರಡು ಸಲ ಅಡಿಗೆರೆ ಎಳೆದಳು.

"ಕ್ಯಾಮೆರಾ ಆಫ್ ಮಾಡ್ಬೇಕು ಸರ್. ಇಲ್ಲದಿದ್ರೆ ರಾತ್ರಿ ದಾಟುವುದು ಕಷ್ಟ ಉಂಟು."

ಕೆಳಗೆ ಮುಖ್ಯ ಅತಿಥಿಗಳು ಗುಂಡಿ ಒತ್ತಿದರು. ದೊಡ್ಡ ಪರದೆಯ ಮೇಲೆ ಎಂಟು ಸೆಕೆಂಡು ಭಾವಚಿತ್ರಗಳು, ಆಮೇಲೆ ತಿಳಿಹಸಿರು, ಮೂಲೆಯಲ್ಲಿ 'ಲೈವ್'. ನಡುವೆ ನನ್ನದೇ ಕನ್ನಡ: ಬ್ಯಾಟರಿ ವಿಶ್ರಾಂತಿಯಲ್ಲಿದೆ. ಚಪ್ಪಾಳೆಯೋ ಚಪ್ಪಾಳೆ.

ಮುಂದಿನ ಪಾಸ್ 12:47ಕ್ಕೆ, ಮಲ್ಪೆಯ ಆಚೆ ಸಮುದ್ರದ ಮೇಲೆ, ಏಳೆಂಟು ನಿಮಿಷ. ವಿಭಾಗ ಮುಖ್ಯಸ್ಥರು ಒಪ್ಪಿದರು. ಪ್ರಾಂಶುಪಾಲರನ್ನು ಕೈತೊಳೆಯುವ ಜಾಗದಲ್ಲಿ ಹಿಡಿದು ಒಪ್ಪಿಸಿದೆವು. ಸಂಚಾಲಕರು ಶಾಲು ಹೊದ್ದು ಪಂಕ್ತಿಯಲ್ಲಿ ಕೂತಿದ್ದರು, ಅವರ ಫೋನು ಡ್ರೈವರನ ಕೈಯಲ್ಲಿ, ಡ್ರೈವರ್ ಅತಿಥಿಗಳನ್ನು ಬಿಡಲು ಬಜ್ಪೆ ವಿಮಾನ ನಿಲ್ದಾಣಕ್ಕೆ.

"ನೀನು ಪುಸ್ತಕದಲ್ಲಿ ಎಂತ ಬರಿತಾ ಇದ್ದಿ? ಆ್ಯಪ್ ಉಂಟಲ್ಲ" ಎಂದು ಸಂಚಾಲಕರು ಹುಡುಗಿಗೆ ಹೇಳಿದರು.

ಅವಳು ಗಡಿಯಾರ ನೋಡಿದಳು. 12:51. ಎಲೆಗೆ ಪಾಯಸ ಬಂತು. ನನ್ನ ಮೊಬೈಲ್ ಟಿಣ್ ಎಂದಿತು: ಈ ಪಾಸ್ ನಿಮಗೆ ಹೇಗನ್ನಿಸಿತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?