ಆ್ಯಪ್ ಬರಲಿ, ಆದರೆ ಕಣದ ತನಕ ಬರಲಿ

ನಡೆಯಲಾಗದ ಹಿರಿಯರಿಗೆ, ಅಂಗವಿಕಲರಿಗೆ ವಾಹನ ಕಾಯ್ದಿರಿಸಲು ಕೊಡಗಿಗೂ ಒಂದು ಆ್ಯಪ್ ಬೇಕು ಎಂಬ ಮಾತು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಏಳುತ್ತದೆ. ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳೇ ಇದನ್ನು ಹೆಚ್ಚು ಹೇಳುವುದು. ತಪ್ಪೇನಿಲ್ಲ, ಇಲ್ಲಿ ಉಳಿದಿರುವುದು ಅವರ ಅಪ್ಪ ಅಮ್ಮಂದಿರೇ. ಆದರೆ ಬೆಂಗಳೂರಿನ ಆ್ಯಪನ್ನು ಹಾಗೆಯೇ ತಂದು ಇಲ್ಲಿ ಬಿಟ್ಟರೆ ಅದು ಮಡಿಕೇರಿ ಪೇಟೆ ದಾಟುವುದು ಅನುಮಾನ.

ಮೊದಲು ವಿಳಾಸದ ಪಾಡು ನೋಡಿ. ನಾಪೋಕ್ಲು, ಚೇರಂಬಾಣೆ, ಶ್ರೀಮಂಗಲದ ಕಡೆ ಮನೆ ಹುಡುಕುವುದು ಮನೆತನದ ಹೆಸರು, ತೋಟದ ಹೆಸರು ಹಿಡಿದು. ಮೊಬೈಲಿನ ನಕ್ಷೆಯಲ್ಲಿ ಗುರುತು ಬೀಳುವುದು ಎಲ್ಲೋ ಕಾಫಿ ಗಿಡಗಳ ನಡುವೆ. ಡಾಂಬರು ರಸ್ತೆಯಿಂದ ಗೇಟಿಗೆ, ಗೇಟಿನಿಂದ ಕಣಕ್ಕೆ (ಮನೆಯೆದುರು ಕಾಫಿ ಒಣಗಿಸುವ ಅಂಗಳ), ಕಣದಿಂದ ಮೆಟ್ಟಿಲು ಹತ್ತಿ ಜಗುಲಿಗೆ. ತೋಟದ ಕಾರ್ಮಿಕರ ಲೈನ್ ಮನೆಗಳಾದರೆ ಇಳಿಜಾರಿನ ಕೆಳಗೆ, ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಲುದಾರಿಯ ಕೊನೆಯಲ್ಲಿ. ನಮ್ಮ ಚಿಕ್ಕಪ್ಪನಿಗೆ ಪಾರ್ಶ್ವವಾಯು ಹೊಡೆದ ಮೇಲೆ ನಮಗೆ ಆಸ್ಪತ್ರೆಯ ದಾರಿಗಿಂತ ಜಗುಲಿಯಿಂದ ಜೀಪಿನವರೆಗಿನ ದಾರಿಯೇ ದೊಡ್ಡದಾಯಿತು. ಜೀಪು ಕಣದ ತನಕ ಬರುತ್ತದೆ, ಆದರೆ ಅದರ ಆಸನ ಎತ್ತರ. ಗಾಲಿಕುರ್ಚಿಯಿಂದ ಜರುಗಿ ಕೂರಲು ಅನುಕೂಲವಾದ ತಗ್ಗಿನ ಕಾರು ಗೇಟಿನ ಕೆಸರು ದಾಟುವುದಿಲ್ಲ. ಈ ಎರಡರಲ್ಲಿ ಯಾವುದನ್ನು ಕಳುಹಿಸಬೇಕು ಎಂಬುದು ಆ್ಯಪಿಗೆ ಹೇಗೆ ಗೊತ್ತಾಗಬೇಕು?

ಬಸ್ ವೇಳಾಪಟ್ಟಿಗಳನ್ನು ನಕ್ಷೆಗಳಿಗೆ ಒದಗಿಸಲು ಬಳಸುವ ಜಿಟಿಎಫ್‌ಎಸ್ ಎಂಬ ಮಾದರಿಯಲ್ಲಿ ಗಾಲಿಕುರ್ಚಿಗೆಂದೇ ಒಂದು ಕಾಲಂ ಇದೆ. 1 ಎಂದರೆ ಹತ್ತಬಹುದು, 2 ಎಂದರೆ ಆಗದು, 0 ಎಂದರೆ ಮಾಹಿತಿ ಇಲ್ಲ. ನಮಗೆ ಇನ್ನೂ ಎರಡು ಅಂಕಿ ಬೇಕು: ‘ಇಬ್ಬರು ಹಿಡಿದರೆ ಆದೀತು’ ಮತ್ತು ‘ಮಳೆ ಹಿಡಿದರೆ ಆಗದು’. ತಮಾಷೆಗೆ ಹೇಳುತ್ತಿಲ್ಲ. ಆ ಇಬ್ಬರು ಯಾರು, ಅವರ ಕೂಲಿ ಯಾರು ಕೊಡಬೇಕು ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ತಂತ್ರಜ್ಞಾನ ಮಾಡಿದರೂ ಮನುಷ್ಯ ಜಗುಲಿಯಲ್ಲೇ ಉಳಿಯುತ್ತಾನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಂ ಬಸ್ಸು, ನಿಲ್ದಾಣಗಳ ಜೊತೆಗೆ ವೈಯಕ್ತಿಕ ಓಡಾಟಕ್ಕೆ ನೆರವು ನೀಡುವ ಯೋಜನೆಗಳ ಬಗ್ಗೆಯೂ ಹೇಳುತ್ತದೆ. ರಿಯಾಯಿತಿ ಪಾಸು ಸಿಗುತ್ತದೆ, 2023ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ ಉಚಿತವೂ ಆಗಿದೆ. ಪಾಸು ಟಿಕೆಟಿನ ದರ ಇಳಿಸಬಹುದು, ಬಸ್ಸಿನ ಮೆಟ್ಟಿಲಿನ ಎತ್ತರವನ್ನಲ್ಲ. ರೈಲೇ ಇಲ್ಲದ ಜಿಲ್ಲೆಯಲ್ಲಿ ಆ ಮೆಟ್ಟಿಲು ಹತ್ತದವರಿಗೆ ಉಳಿಯುವುದು ಬಾಡಿಗೆ ವಾಹನ ಮಾತ್ರ.

ಇಂಥ ಮನೆಗಳು ಎಲ್ಲಿವೆ ಎಂದು ಯಾರಿಗೂ ಗೊತ್ತಿಲ್ಲ ಎನ್ನುವಂತಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ 85 ವರ್ಷ ದಾಟಿದವರಿಗೆ, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಇತ್ತು. ಅರ್ಜಿ ಕೊಟ್ಟವರ ಮನೆಗೆ ಸಿಬ್ಬಂದಿ ದಾರಿ ಕೇಳಿಕೊಂಡು ಹೋದರು. ಮತಗಟ್ಟೆಗೆ ವಾಹನ, ಗಾಲಿಕುರ್ಚಿ ಕೋರಲು ಚುನಾವಣಾ ಆಯೋಗದ ‘ಸಕ್ಷಮ್’ ಆ್ಯಪ್ ಕೂಡ ಆಗ ಇತ್ತು. ವರ್ಷಗಳಿಗೊಮ್ಮೆ ಬರುವ ಮತದಾನಕ್ಕೆ ಇಷ್ಟು ಸಾಧ್ಯವಾದರೆ ವಾರಕ್ಕೆ ಮೂರು ಸಲ ಬರುವ ಡಯಾಲಿಸಿಸ್‌ಗೆ ಏಕೆ ಸಾಧ್ಯವಿಲ್ಲ?

ಡಯಾಲಿಸಿಸ್ ಅನ್ನು ಬೇಕೆಂದೇ ಹೆಸರಿಸಿದೆ. ಅದಕ್ಕೆ ದಿನ, ಹೊತ್ತು ಮೊದಲೇ ಗೊತ್ತು. ಒಂದೇ ರಸ್ತೆಯ ಇಬ್ಬರನ್ನು ಒಂದೇ ವಾಹನದಲ್ಲಿ ಕೂಡಿಸುವುದು, ಬೆಳಿಗ್ಗೆ ಆಳುಗಳನ್ನು ತೋಟಕ್ಕೆ ಬಿಟ್ಟು ಖಾಲಿ ಮರಳುವ ಜೀಪಿಗೆ ಆ ಬಾಡಿಗೆ ಹೊಂದಿಸುವುದು, ಚಾಲಕ ಆಸ್ಪತ್ರೆಯೆದುರು ಗಂಟೆಗಟ್ಟಲೆ ಕಾಯದಂತೆ ಮರಳುವ ಸವಾರಿಯನ್ನು ಬೇರೊಬ್ಬರಿಗೆ ವಹಿಸುವುದು, ಇವೆಲ್ಲ ಕಂಪ್ಯೂಟರ್ ಚೆನ್ನಾಗಿ ಮಾಡುವ ಕೆಲಸ. ಅಂಗವೈಕಲ್ಯ ಪ್ರಮಾಣಪತ್ರದ ತಪಾಸಣೆಯ ದಿನಕ್ಕೂ ಇದೇ ಲೆಕ್ಕ.

ಆದರೆ ಆ ಆ್ಯಪ್ ಇರಬೇಕಾದದ್ದು ಎಂಬತ್ತು ವರ್ಷದ ಅಜ್ಜಿಯ ಕೈಯಲ್ಲಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರ ನೆರವಿಗೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಯಾರ ಮನೆಗೆ ಎಷ್ಟು ಮೆಟ್ಟಿಲು, ಯಾರನ್ನು ಯಾವ ಪಕ್ಕದಿಂದ ಎತ್ತಬೇಕು ಎಂದು ಬಲ್ಲವರು ಅವರು. ಅಜ್ಜಿ ಫೋನ್ ಮಾಡಲಿ, ಅವರು ಮೊಬೈಲಿನಲ್ಲಿ ತುಂಬಲಿ. ಹಾಗೆಂದು ಇದನ್ನೂ ಅದೇ ಸಣ್ಣ ಗೌರವಧನಕ್ಕೆ ಮಾಡಿ ಎಂದು ಅವರ ತಲೆಗೆ ಕಟ್ಟಬಾರದು. ಇನ್ನು ಆಷಾಢದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಹಾಗಾಗಿ ಮರುದಿನದ ಪಟ್ಟಿ ಹಿಂದಿನ ಸಂಜೆಯೇ ಚಾಲಕರಿಗೆ ಎಸ್‌ಎಂಎಸ್‌ನಲ್ಲಿ ಹೋಗಲಿ, ಒಂದು ಪ್ರತಿ ಕಾಗದದ ಮೇಲೂ ಇರಲಿ.

ಪಂಚಾಯಿತಿಗಳು ಅಂಗವಿಕಲರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕು ಎಂಬ ನಿಯಮ ಇದೆ. ಬಾಡಿಗೆಯ ಒಂದು ಪಾಲನ್ನು, ಹಿಡಿದು ಇಳಿಸುವ ಇಬ್ಬರ ಕೂಲಿಯನ್ನು ಅದರಿಂದ ಕೊಡಲು ಬರುತ್ತದೆಯೇ ಎಂದು ನಮ್ಮ ಮುಂದಿನ ಗ್ರಾಮಸಭೆಯಲ್ಲಿ ಕೇಳಲಿದ್ದೇನೆ. ನಿಮ್ಮ ಪಂಚಾಯಿತಿಯಲ್ಲಿ ಯಾರಾದರೂ ಈಗಾಗಲೇ ಕೇಳಿದ್ದರೆ ಏನು ಉತ್ತರ ಬಂತು ಎಂದು ದಯವಿಟ್ಟು ಇಲ್ಲಿ ಬರೆಯಿರಿ.