ಪ್ರವಾಸದ ಮೇಲೆ ಹೆಸರು ಬರೆಯೋದು ಎಲ್ಲಿ?

ಮೂಡಿಗೆರೆ ಕಡೆಯ ನಮ್ಮ ಶಾಲೆಯಲ್ಲಿ ಒಂದು ಫ್ಯಾನಿತ್ತು. ಆ ಚಳಿ ಊರಿಗೆ ಫ್ಯಾನ್ ಕೊಡಬೇಕು ಅಂತ ಯಾರಿಗೆ ಅನಿಸಿತೋ ಗೊತ್ತಿಲ್ಲ. ಅದು ತಿರುಗಿದ್ದಕ್ಕಿಂತ ನಿಂತಿದ್ದೇ ಜಾಸ್ತಿ. ಹಾಗಾಗಿ ರೆಕ್ಕೆಗಳ ಮೇಲೆ ಬರೆದಿದ್ದನ್ನು ಸಲೀಸಾಗಿ ಓದಬಹುದಿತ್ತು. ಒಂದರ ಮೇಲೆ ‘ದಾನಿಗಳು’, ಇನ್ನೊಂದರ ಮೇಲೆ ಕೊಟ್ಟವರ ಹೆಸರು, ಮೂರನೆಯದರ ಮೇಲೆ ಅವರ ಅಪ್ಪನ ಹೆಸರು. ಗಡಿಯಾರ, ಬೀರು, ನೀರಿನ ಡ್ರಮ್ಮು, ಎಲ್ಲದರ ಮೇಲೂ ದಾನಿಗಳೇ. ದಾನಿಗಳು ಅನ್ನೋದು ಒಂದು ಕಂಪನಿ ಅಂತ ಮೂರನೇ ಕ್ಲಾಸಿನವರೆಗೂ ನಂಬಿದ್ದೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಯಾರೋ ಒಬ್ಬರು ಪ್ರವಾಸವನ್ನೇ ದಾನ ಮಾಡಿದರು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಎಲ್ಲ ಒಂದೇ ದಿನ. ಒಂದರಿಂದ ಏಳರವರೆಗೆ ಸೇರಿ ನಲವತ್ತು ಮಕ್ಕಳು. ಹೆಚ್ಚಿನವರ ಅಪ್ಪ ಅಮ್ಮ ಕಾಫಿ ತೋಟದ ಕೆಲಸದವರು. ಮೊದಲೆಲ್ಲ ಪ್ರವಾಸ ಅಂದರೆ ತಲೆಗೆ ಇಷ್ಟು ಅಂತ ದುಡ್ಡು ಕೇಳುತ್ತಿದ್ದರು. ಕೊಟ್ಟವರು ಹೋಗುತ್ತಿದ್ದರು, ಉಳಿದವರಿಗೆ ಸರಿಯಾಗಿ ಅವತ್ತೇ ಜ್ವರ ಬರುತ್ತಿತ್ತು. ಆ ಸಲ ಯಾರಿಗೂ ಜ್ವರ ಬರಲಿಲ್ಲ.

ದುಡ್ಡು ಕೊಟ್ಟವರದು ಒಂದೇ ಷರತ್ತು, ಹೆಸರು ಹೇಳಬಾರದು. ಹೆಡ್‌ಮೇಷ್ಟ್ರಿಗೆ ಪೀಕಲಾಟ ಶುರುವಾಯಿತು. ಬಸ್ಸಿನ ಮುಂದೆ ಕಟ್ಟೋ ಬ್ಯಾನರಿಗೆ ಏನು ಬರೆಸೋದು? ಕೊನೆಗೆ ‘ದಾನಿಗಳ ನೆರವಿನಿಂದ’ ಅಂತಷ್ಟೇ ಬರೆಸಿದರು. ನನ್ನ ಕಂಪನಿ ಬಸ್ಸನ್ನೂ ಬಿಡಲಿಲ್ಲ.

ತಿರುವುಗಳಲ್ಲಿ ಅರ್ಧ ಬಸ್ಸು ವಾಂತಿ ಮಾಡಿತು. ಉಳಿದರ್ಧ ನಿಂಬೆಹಣ್ಣು ಮೂಸುತ್ತಾ, ದುಡ್ಡು ಕೊಟ್ಟವರು ಯಾರು ಅಂತ ಚರ್ಚೆ ಮಾಡಿತು. ಅಂಗಡಿ ಶೆಟ್ರು ಅಂತ ಒಬ್ಬ ಅಂದ. ಶೆಟ್ರು ಪೆಪ್ಪರ್‌ಮಿಂಟನ್ನೇ ಎಣಿಸಿ ಕೊಡುತ್ತಿದ್ದರು, ಆ ಮಾತು ಅಲ್ಲಿಗೇ ಬಿದ್ದುಹೋಯಿತು.

ಬೇಲೂರಿನಲ್ಲಿ ಮೇಷ್ಟ್ರು ಕಂಬ ಮುಟ್ಟಿ ತೋರಿಸಿದರು. ‘ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಬರಬರುತ್ತಾ ಗಟ್ಟಿಯಾಗುತ್ತೆ. ಅದಕ್ಕೇ ಇಷ್ಟು ಸಣ್ಣ ಕೆತ್ತನೆ ಆಗಿರೋದು.’ ನನ್ನ ಪಕ್ಕ ನಿಂತಿದ್ದ ಹುಡುಗ ಬಳಪ ತಿನ್ನೋದರಲ್ಲಿ ಶಾಲೆಗೇ ಹೆಸರುವಾಸಿ. ತಂಗಿಯ ಸ್ಲೇಟಿನ ಬಳಪವನ್ನೂ ಬಿಟ್ಟವನಲ್ಲ. ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ‘ಸರ್, ಇಷ್ಟೂ ಬಳಪಾನಾ?’ ಅಂದ. ಅವನನ್ನು ಕೈ ಹಿಡಿದೇ ಹೊರಗೆ ಕರೆದುಕೊಂಡು ಬಂದರು.

ಹಳೇಬೀಡಿನಲ್ಲಿ ನಾವು ಆನೆ ಎಣಿಸಲು ಹೋಗಿ ಒಂದೇ ಮೂಲೆಯಲ್ಲಿ ಸೋತೆವು. ಆಮೇಲೆ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿಂದೆವು. ಮನೆಯಲ್ಲಿ ಮಾಡುವ ಚಿತ್ರಾನ್ನಕ್ಕೆ ಅಷ್ಟು ಕಡಲೆಬೀಜ ಬೀಳುತ್ತಿರಲಿಲ್ಲ.

ಶ್ರವಣಬೆಳಗೊಳದ ಬೆಟ್ಟಕ್ಕೆ ಬರಿಗಾಲಲ್ಲೇ ಹತ್ತಬೇಕಲ್ಲ, ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಚಪ್ಪಲಿಯೇ ಇಲ್ಲದವರು ಮೊದಲು ಹತ್ತಿದರು. 58 ಅಡಿಯ ಗೊಮ್ಮಟನ ಪಾದದ ಹತ್ತಿರ ಕಲ್ಲಿನಲ್ಲಿ ಹಳೆಯ ಅಕ್ಷರಗಳಿದ್ದವು. ನಮಗೆ ಓದಲು ಬರಲಿಲ್ಲ, ಮೇಷ್ಟ್ರೇ ಹೇಳಿದರು: ‘ಶ್ರೀ ಚಾವುಂಡರಾಜಂ ಮಾಡಿಸಿದಂ.’ ಎರಡನೇ ಕ್ಲಾಸಿನ ಒಂದು ಪುಟ್ಟ ಹುಡುಗಿ ಕೇಳಿದಳು, ‘ಇವರೂ ದಾನಿಗಳಾ ಸರ್?’

ಹೂಂ ಅಂದರು ಮೇಷ್ಟ್ರು. ಸಾವಿರ ವರ್ಷವಾದರೂ ಆ ಹೆಸರು ಅಳಿಸಿಲ್ಲ, ನಮ್ಮ ಫ್ಯಾನಿನ ಬಣ್ಣ ಮೂರೇ ವರ್ಷಕ್ಕೆ ಉದುರಿತ್ತು. ಇನ್ನೊಂದು ಥರದವರೂ ಇದ್ದರು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ನಾವು ಮಧ್ಯಾಹ್ನ ಚಿತ್ರಾನ್ನ ತಿಂದೆವಲ್ಲ, ಆ ಹೊಯ್ಸಳೇಶ್ವರ ದೇವಸ್ಥಾನ ಕಟ್ಟಿಸಿದ್ದು ಕೇತಮಲ್ಲ ಅನ್ನುವ ಅಧಿಕಾರಿ, 1121ರ ಸುಮಾರಿಗೆ. ದೇವರಿಗೆ ಇಟ್ಟಿದ್ದು ಮಾತ್ರ ದೊರೆ ವಿಷ್ಣುವರ್ಧನನ ಹೆಸರು. ಶಾಸನ ಓದುವವರನ್ನು ಬಿಟ್ಟರೆ ಈಗ ಕೇತಮಲ್ಲ ಯಾರಿಗೆ ನೆನಪು?

ಪ್ರವಾಸಕ್ಕೆ ದುಡ್ಡು ಕೊಟ್ಟವರಿಗೆ ಅಷ್ಟೂ ಬೇಕಿರಲಿಲ್ಲ. ಬೇಕು ಅಂದಿದ್ದರೂ ಬರೆಯೋದು ಎಲ್ಲಿ? ಚಿತ್ರಾನ್ನದ ಮೇಲಾ?

ವಾಪಸ್ ಬರುವಾಗ ಕತ್ತಲಾಗಿತ್ತು. ಹೆಡ್‌ಮೇಷ್ಟ್ರು ಟಾರ್ಚಿನ ಬೆಳಕಲ್ಲಿ ಲೆಕ್ಕ ಬರೆಯುತ್ತಿದ್ದರು. ಸ್ವಲ್ಪ ದುಡ್ಡು ಉಳಿದಿತ್ತು. ವಾಪಸ್ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲವಂತೆ. ಮುಂದಿನ ಸೋಮವಾರ ಸಣ್ಣ ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಡಬ್ಬ ಬಳಪ ಬಂತು. ಡಬ್ಬದ ಮೇಲೆ ಯಾರ ಹೆಸರೂ ಇರಲಿಲ್ಲ. ನನ್ನ ಗೆಳೆಯ ತಂಗಿಯ ಡಬ್ಬವನ್ನು ಗುರುವಾರದ ಹೊತ್ತಿಗೆ ತಿಂದು ಮುಗಿಸಿದ.