ಎನ್‌ಸಿಆರ್ ಅಂದರೆ ‘ಗಂಭೀರವಲ್ಲದ’ ಕೇಸು ಅಂತಲ್ಲ

ಠಾಣೆಗೆ ದೂರು ಕೊಡಲು ಬಂದವರ ಕೈಗೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಚೀಟಿ ಕೊಟ್ಟು, ‘ಗಂಭೀರವಲ್ಲದ ಪ್ರಕರಣ, ಎಫ್‌ಐಆರ್ ಆಗಲ್ಲ’ ಅಂತ ಕಳಿಸುವುದುಂಟು. ಈ ‘ಗಂಭೀರವಲ್ಲದ’ ಅನ್ನೋ ಮಾತೇ ಜನರ ದಾರಿ ತಪ್ಪಿಸುತ್ತಿದೆ. ಅಸಂಜ್ಞೇಯ ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯಿಲ್ಲ, ವಾರಂಟ್ ಇಲ್ಲದೆ ಬಂಧನವಿಲ್ಲ. ಅಷ್ಟೇ. ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 351(2)ರ ಬೆದರಿಕೆಗೆ 2 ವರ್ಷದವರೆಗೆ ಜೈಲಿದೆ, ಆದರೂ ಅದು ಅಸಂಜ್ಞೇಯ. ಅಡ್ಡಾದಿಡ್ಡಿ ಗಾಡಿ ಓಡಿಸಿದರೆ ಕಲಂ 281ರಡಿ ಹೆಚ್ಚೆಂದರೆ 6 ತಿಂಗಳು, ಅದು ಸಂಜ್ಞೇಯ, ಅಂದರೆ ಪೊಲೀಸರೇ ಎಫ್‌ಐಆರ್ ಹಾಕಿ ತನಿಖೆ ಮಾಡಬಹುದಾದ ಅಪರಾಧ.

ಯಾವ ಅಪರಾಧ ಯಾವ ಗುಂಪಿಗೆ ಅನ್ನೋದು ಬಿಎನ್‌ಎಸ್‌ಎಸ್‌ನ (ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಮೊದಲನೇ ಅನುಸೂಚಿಯಲ್ಲಿದೆ. ಜಾಮೀನಿನ ಕಾಲಂ ಬೇರೆ, ಎರಡನ್ನೂ ಕಲಸಬೇಡಿ.

ಹೊಡೆದಾಟದಲ್ಲಿ ಎಡವಟ್ಟಾಗೋದು ದೂರು ಬರೆಯುವಾಗಲೇ. ಕೈಯಿಂದ ಹೊಡೆದು ಸಾದಾ ಗಾಯವಾದರೆ ಬಿಎನ್‌ಎಸ್ 115(2), ಅಸಂಜ್ಞೇಯ. ಚಾಕು, ಮಚ್ಚು ಬಳಸಿದ್ದರೆ 118(1), ಸಂಜ್ಞೇಯ. ಬರಿಗೈಯಿಂದಲೇ ಹೊಡೆದಿದ್ದರೂ ಮೂಳೆಯೋ ಹಲ್ಲೋ ಮುರಿದಿದ್ದರೆ 117(2), ಅದೂ ಸಂಜ್ಞೇಯ. ಅಂದರೆ ಒಂದು ಹಲ್ಲಿನ ಮೇಲೆ ಎಫ್‌ಐಆರ್ ನಿಂತಿರುತ್ತದೆ. ಹಾಗಾಗಿ ಅದೇ ದಿನ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಗಾಯದ ವೈದ್ಯಕೀಯ-ಕಾನೂನು ದಾಖಲೆ) ಮಾಡಿಸಿ, ಎಕ್ಸ್‌ರೇ ತೆಗೆಸಿ. ಹಲವು ಅಪರಾಧಗಳಲ್ಲಿ ಒಂದು ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣ ಸಂಜ್ಞೇಯ ಎಂದು ಬಿಎನ್‌ಎಸ್‌ಎಸ್ 174(4) ಹೇಳುತ್ತದೆ. ಹಾಗಂತ ಇಲ್ಲದ ಮಚ್ಚನ್ನು ಬರೆಸಬೇಡಿ. ಗಾಯ ಅದಕ್ಕೆ ತಾಳೆಯಾಗದಿದ್ದರೆ ನಿಜವಾದ ಏಟನ್ನೂ ಯಾರೂ ನಂಬುವುದಿಲ್ಲ.

ಎನ್‌ಸಿಆರೇ ಸಿಕ್ಕಿದರೆ ಅದನ್ನು ಹಿಡಿದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ, ತನಿಖೆಗೆ ಆದೇಶ ಕೇಳಿ. ಅರ್ಜಿಯ ಮೇಲೆ ‘ಅನುಮತಿಸಿದೆ’ ಅಂತ ಷರಾ ಬಿದ್ದರೆ ಸಾಲದು, ಮನಸ್ಸಿಟ್ಟು ಪರಿಶೀಲಿಸಿದ ಆದೇಶವೇ ಬೇಕು ಅಂತ ನಮ್ಮ ಹೈಕೋರ್ಟಿನ ಕಲಬುರಗಿ ಪೀಠ 2019ರಲ್ಲೇ ಹೇಳಿದೆ. ಒಂದು ಪದದ ಷರಾ ನಂಬಿಕೊಂಡು ನಡೆದ ಕೇಸುಗಳು ಆಮೇಲೆ ರದ್ದಾಗಿವೆ. ತಡವನ್ನೂ ಮಾಡಬೇಡಿ: 115(2)ಕ್ಕೆ ಕಾಲಮಿತಿ 1 ವರ್ಷ.

ಹೊಸ ಕಾನೂನಿನಲ್ಲಿ ನನಗೆ ಒಪ್ಪಿಗೆಯಾಗದ್ದು, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳ್ಳತನವನ್ನು ಅಸಂಜ್ಞೇಯದ ಸಾಲಿಗೆ ತಂದದ್ದು. ತರಕಾರಿ ಗಾಡಿಯವರ ತಕ್ಕಡಿ, ಕೂಲಿಯವರ ಹಳೇ ಮೊಬೈಲ್ ಇದೇ ಲೆಕ್ಕಕ್ಕೆ ಬೀಳುತ್ತವೆ. ಆದರೆ ಬಿಎನ್‌ಎಸ್‌ನ ಕಳ್ಳತನದ ಕಲಂ 303(2)ರ ಆ ರಿಯಾಯಿತಿ ಇರುವುದು ಮೊದಲ ಸಲ ಶಿಕ್ಷೆಗೊಳಗಾಗಿ, ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟವನಿಗೆ. ಕಳ್ಳ ಯಾರೆಂದೇ ಗೊತ್ತಿಲ್ಲದಾಗ ಅವನಿಗೆ ಇದು ಮೊದಲ ಸಲ ಅಂತ ಠಾಣೆಯವರಿಗೆ ಹೇಗೆ ಗೊತ್ತಾಯಿತು? ಈ ಪ್ರಶ್ನೆಯನ್ನು ದೂರಿನಲ್ಲೇ ಬರೆದು ಎಫ್‌ಐಆರ್ ಕೇಳಿ, ಆಗಲ್ಲ ಅಂದರೆ ಹಿಂಬರಹ (ಲಿಖಿತ ಉತ್ತರ) ಕೊಡಿ ಅನ್ನಿ.